ಲೆಕ್ಕ ಕೇಳುವ ಊರು

(ಕೋಟೇಶ್ವರದಲ್ಲಿ ಊರವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೋಟೇಶ್ವರದಲ್ಲಿ ನಿಂತು ಮಾತನಾಡುವವನು ಕೊಡಿ ಹಬ್ಬದ ಹೆಸರೆತ್ತದೆ ಇರುವುದು ಕಷ್ಟ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟಿಲಿಂಗೇಶ್ವರನ ತೇರು ಹೊರಡುತ್ತದೆ. ಕೋಟಿತೀರ್ಥದ ಸುತ್ತ ಜನ ಸುತ್ತಕ್ಕಿ ಹಾಕುತ್ತಾರೆ. ಹೊಸದಾಗಿ ಮದುವೆಯಾದ ಜೋಡಿಗಳು ಕಬ್ಬಿನ ಕೊಡಿಯನ್ನು ಕೊಂಡು ಮನೆಗೆ ಒಯ್ಯುತ್ತವೆ. ತೇರು ಎಳೆಯುವಾಗ ನಮ್ಮೆಲ್ಲರ ಕಣ್ಣು ಹಗ್ಗದ ಮೇಲೆ, ಇಲ್ಲವೇ ಮೇಲಿನ ಕಳಶದ ಮೇಲೆ. ಆದರೆ ಚಕ್ರದ ಹತ್ತಿರ ಮರದ ತುಂಡು ಹಿಡಿದು ಬಗ್ಗಿ ನಡೆಯುವ ನಾಲ್ಕೈದು ಮಂದಿ ಇರುತ್ತಾರೆ. ತೇರು ಒಂದು ಬದಿಗೆ ವಾಲಿದರೆ ಚಕ್ರಕ್ಕೆ ಅಡ್ಡ ಕೊಟ್ಟು ಅದನ್ನು ದಾರಿಗೆ ತರುವವರು ಅವರೇ. ಅವರು ತೇರಿನ ವೈರಿಗಳೆಂದು ಯಾರೂ ಹೇಳುವುದಿಲ್ಲ. ಅವರಿಲ್ಲದಿದ್ದರೆ ತೇರು ಅಂಗಡಿ ಸಾಲಿಗೆ ನುಗ್ಗೀತೆಂದು ಎಲ್ಲರಿಗೂ ಗೊತ್ತು.

ಊರಿನ ಆಡಳಿತವೂ ಒಂದು ತೇರು. ಐದು ವರ್ಷಕ್ಕೊಮ್ಮೆ ಮತದ ಹಗ್ಗ ಹಿಡಿದು ಎಳೆಯಲು ನಾವು ಸಾವಿರಗಟ್ಟಲೆ ಮಂದಿ ಸೇರುತ್ತೇವೆ. ಚಕ್ರದ ಹತ್ತಿರ ನಿಲ್ಲಲು ಮಾತ್ರ ಜನ ಸಿಗುವುದಿಲ್ಲ. ಅಲ್ಲಿ ನಿಲ್ಲುವವನನ್ನು ನಾವು ‘ತಕರಾರಿನ ಮನುಷ್ಯ’ ಎನ್ನುತ್ತೇವೆ. ಇದು ಸರಿಯೇ ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಒಂದು ಶಬ್ದದಿಂದ ಪ್ರಾರಂಭಿಸುತ್ತೇನೆ. ‘ಜಮಾಬಂದಿ’ ಎಂಬ ಶಬ್ದವನ್ನು ನೀವು ಕೇಳಿದ್ದೀರಿ. ಹಿಂದೆ ಅದು ರೈತನ ಎದೆ ನಡುಗಿಸುತ್ತಿದ್ದ ಶಬ್ದ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆ ಇಂಗ್ಲಿಷ್ ಕಂಪೆನಿಯ ಕೈಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದ. ಆ ಕಾಲದಿಂದ ವರ್ಷಕ್ಕೊಮ್ಮೆ ಅಧಿಕಾರಿಗಳು ಕುಳಿತು ಯಾವ ರೈತ ಎಷ್ಟು ಕಂದಾಯ ಕೊಡಬೇಕು, ಎಷ್ಟು ಬಾಕಿ ಉಳಿಸಿದ್ದಾನೆ ಎಂದು ಲೆಕ್ಕ ನೋಡುತ್ತಿದ್ದರು. ಅದೇ ಜಮಾಬಂದಿ. ಲೆಕ್ಕ ಕೇಳುವವರು ಸರಕಾರದವರು, ಕೈಕಟ್ಟಿ ನಿಲ್ಲುವವನು ಪ್ರಜೆ.

ಇಂದೂ ಗ್ರಾಮ ಪಂಚಾಯತುಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಆದರೆ ಅರ್ಥ ತಿರುಗಿದೆ. ಈಗ ಕುಳಿತು ಲೆಕ್ಕ ಕೇಳುವವರು ಊರವರು. ಎದ್ದು ನಿಂತು ಲೆಕ್ಕ ಒಪ್ಪಿಸಬೇಕಾದವರು ಪಂಚಾಯತಿನವರು. ಹಿಂದಿನ ವರ್ಷ ಎಷ್ಟು ಹಣ ಬಂತು, ಯಾವ ಮೋರಿಗೆ ಎಷ್ಟು ಹೋಯಿತು, ಯಾವ ಬಾವಿಗೆ ಎಷ್ಟು ಎಂಬ ಕಡತಗಳನ್ನು ಸಭೆಯ ಮುಂದಿಡಬೇಕು. ಮಾಡಿದ ಕಾಮಗಾರಿಯನ್ನು ಸ್ಥಳಕ್ಕೆ ಹೋಗಿ ನೋಡಲೂ ಅವಕಾಶವುಂಟು. ಶಬ್ದ ಅದೇ, ಕುರ್ಚಿ ಮಾತ್ರ ಅದಲುಬದಲು. ಇನ್ನೂರು ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ನಡೆದ ದೊಡ್ಡ ಬದಲಾವಣೆಗಳಲ್ಲಿ ಇದೂ ಒಂದೆಂದು ನಾನು ಭಾವಿಸುತ್ತೇನೆ. ಆದರೆ ಆ ಸಭೆಯಲ್ಲಿ ಊರವರಿಗೆಂದು ಹಾಕಿದ ಕುರ್ಚಿಗಳು ಹೆಚ್ಚಿನ ಕಡೆ ಖಾಲಿ ಇರುತ್ತವೆ.

ಈ ಬದಲಾವಣೆ ತಾನಾಗಿ ಆದದ್ದಲ್ಲ. 1830-31ರಲ್ಲಿ ಕೆನರಾ ಜಿಲ್ಲೆಯ ರೈತರು ‘ಕೂಟ’ಗಳನ್ನು ಕಟ್ಟಿದರು. ಬೆಳೆ ಹಾಳಾಗಿತ್ತು, ಧಾನ್ಯದ ಬೆಲೆ ಬಿದ್ದಿತ್ತು, ಕಂದಾಯ ಮಾತ್ರ ಇಳಿಯಲಿಲ್ಲ. ರೈತರು ದೇವಸ್ಥಾನಗಳಲ್ಲಿ ಗುಂಪಾಗಿ ಸೇರಿದರು, ಒಂದು ಊರಿನವರು ಇನ್ನೊಂದು ಊರಿಗೆ ಓಲೆ ಕಳಿಸಿದರು, ಅರ್ಜಿಗಳನ್ನು ಬರೆದರು, ವಿನಾಯಿತಿ ಕೊಡದೆ ಕಂದಾಯ ಕಟ್ಟುವುದಿಲ್ಲ ಎಂದರು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಕೂಟ ಬಂಡಾಯ ಎಂಬ ಹೆಸರುಂಟು. ಅವರ ಕೈಯಲ್ಲಿದ್ದದ್ದು ಅರ್ಜಿ ಮತ್ತು ಒಗ್ಗಟ್ಟು, ಅಷ್ಟೇ. ಕಂಪೆನಿ ಸರಕಾರ ಕೊನೆಗೆ ಈ ಬಗ್ಗೆ ವಿಚಾರಣೆ ನಡೆಸಬೇಕಾಯಿತು. ಮತದಾನದ ಹಕ್ಕಾಗಲಿ, ಗ್ರಾಮಸಭೆಯಾಗಲಿ, ಪತ್ರಿಕೆಯಾಗಲಿ ಇಲ್ಲದ ಕಾಲದಲ್ಲಿ ಅಷ್ಟು ಮಾಡಿದವರು ಈ ಕರಾವಳಿಯ ಸಾಮಾನ್ಯ ಒಕ್ಕಲುಗಳು ಎಂಬುದನ್ನು ನೆನಪಿಡಬೇಕು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ನೆರೆಯಲ್ಲೇ ಬಸರೂರು, ಬಾರಕೂರುಗಳಿವೆ. ವಿಜಯನಗರ ಕಾಲದ ಶಾಸನಗಳಲ್ಲಿ ಅಲ್ಲಿನ ಕೇರಿಗಳ ‘ಹಲರು’ ಎಂಬವರ ಮಾತು ಮತ್ತೆ ಮತ್ತೆ ಬರುತ್ತದೆ. ಹಲರು ಎಂದರೆ ಒಬ್ಬನಲ್ಲ, ಹಲವರು ಕೂಡಿದ ಸಭೆ. ಮೂಡುಕೇರಿಯ ಹಲರು, ಪಡುವಕೇರಿಯ ಹಲರು ಎಂದು ಕೇರಿಗೊಂದು ಸಭೆ. ವರ್ತಕರ ‘ನಖರ’, ‘ಹಂಜಮಾನ’ ಎಂಬ ಕೂಟಗಳೂ ಇದ್ದವು. ದೇವಸ್ಥಾನಕ್ಕೆ ಬಿಟ್ಟ ಭೂಮಿ, ದೀಪದ ಎಣ್ಣೆ, ಛತ್ರದ ಅಕ್ಕಿ ಇವುಗಳ ವ್ಯವಸ್ಥೆಯಲ್ಲಿ ರಾಜನ ಅಧಿಕಾರಿಯ ಜೊತೆಗೆ ಹಲರೂ ಇರುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸರು ಬಸರೂರನ್ನು ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುವ ವರ್ತಕರ ಪಟ್ಟಣವೆಂದು ಕಂಡರು. ಅಲ್ಲಿನ ಸೆಟ್ಟಿಗಳೊಡನೆಯೇ ಮಾತುಕತೆ ನಡೆಸಬೇಕಾಯಿತು.

ಆ ಕಾಲದವರು ವ್ಯವಸ್ಥೆಯನ್ನು ಕಲ್ಲಿನಲ್ಲಿ ಬರೆಸಿ ಜನ ಓಡಾಡುವ ಕಡೆ ನಿಲ್ಲಿಸಿದರು ಎಂಬುದು ಗಮನಿಸಬೇಕಾದ ಸಂಗತಿ. ಯಾವ ಗದ್ದೆಯಿಂದ ಎಷ್ಟು ಮುಡಿ ಅಕ್ಕಿ ಬರಬೇಕು, ಅದು ಯಾತಕ್ಕೆ ಸಲ್ಲಬೇಕು ಎಂಬುದು ಗುಟ್ಟಲ್ಲ, ಅಂಗಳದ ಕಲ್ಲಿನ ಮೇಲೆ ಕಾಣುತ್ತಿತ್ತು. ತಪ್ಪಿದವನಿಗೆ ಕಾಶಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಎಂಬ ಶಾಪವನ್ನೂ ಕೊನೆಗೆ ಸೇರಿಸುತ್ತಿದ್ದರು. ಸಾರ್ವಜನಿಕ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬೀಳಬೇಕು ಎಂಬ ತತ್ವ ಪಶ್ಚಿಮದಿಂದ ಹಡಗು ಹತ್ತಿ ಬಂದದ್ದಲ್ಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವ ಅಭ್ಯಾಸ ನನಗಿಲ್ಲ. ಹಲರ ಸಭೆಯಲ್ಲಿ ಕುಳಿತವರು ಯಾರು? ಭೂಮಿಯುಳ್ಳವರು, ವ್ಯಾಪಾರವುಳ್ಳವರು. ಆ ಗದ್ದೆಯನ್ನು ಉತ್ತವನಿಗೆ, ಆ ಅಕ್ಕಿಯನ್ನು ಕುಟ್ಟಿದವಳಿಗೆ, ಕಾಡಿನಂಚಿನಲ್ಲಿ ಬುಟ್ಟಿ ಹೆಣೆಯುತ್ತಿದ್ದ ಕೊರಗರಿಗೆ ಅಲ್ಲಿ ಮಾತಿರಲಿಲ್ಲ. ಕೊರಗರನ್ನು ಅವಮಾನಕ್ಕೆ ಗುರಿಮಾಡುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯಲ್ಲಿ ಒಂದು ಕಾಯಿದೆಯೇ ಬೇಕಾಯಿತು. ‘ಹಲರು’ ಎಂಬ ಶಬ್ದ ‘ಎಲ್ಲರು’ ಆಗಲು ಐದಾರು ಶತಮಾನಗಳು ಹಿಡಿದವು.

ಅದು ಕಾನೂನಿನಲ್ಲಿ ಆದದ್ದು ಹೇಗೆ ಎಂದು ಸ್ವಲ್ಪ ನೋಡೋಣ. ನಮ್ಮ ಜಿಲ್ಲೆ 1956ರ ತನಕ ಮದರಾಸಿನ ಕೈಕೆಳಗಿತ್ತು. ಏಕೀಕರಣದ ಬಳಿಕ ಪಂಚಾಯತುಗಳು ಇದ್ದವು, ಆದರೆ ಕೈಯಲ್ಲಿ ಕಾಸಿರಲಿಲ್ಲ. 1983ರಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತುಗಳ ಕಾಯಿದೆ ರೂಪುಗೊಂಡಿತು. 1987ರಲ್ಲಿ ಚುನಾವಣೆ ನಡೆಯಿತು. ಹಳ್ಳಿಗಳಿಗೆ ಕೊಳವೆ ಬಾವಿ ತಂದು ‘ನೀರ್ ಸಾಬ್’ ಎಂದು ಹೆಸರಾದ ಅಬ್ದುಲ್ ನಜೀರ್ ಸಾಬ್ ಇದರ ಹಿಂದಿನ ಶಕ್ತಿ. ಆ ಕಾಯಿದೆ ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತು. 1993ರ ಏಪ್ರಿಲ್ 24ರಂದು ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಅದೇ ವರ್ಷ ಮೇ ತಿಂಗಳಿನಿಂದ ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯಿದೆ. 2010ರಲ್ಲಿ ಮಹಿಳೆಯರ ಮೀಸಲಾತಿ ಶೇಕಡಾ 50ಕ್ಕೆ ಏರಿತು. ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡು ಸಭೆ, ಗ್ರಾಮಸಭೆ ನಡೆಯಬೇಕು. ಗ್ರಾಮಸಭೆ ನಡೆಯಲು ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಬರಬೇಕು. ಸಾವಿರಾರು ಮತದಾರರಿರುವ ಊರಿನಲ್ಲಿ ನೂರು ಜನ!

ಈಗ ನನ್ನದೇ ಒಂದು ಅನುಭವ ಹೇಳುತ್ತೇನೆ. ಇದೇ ಸೀಮೆಯ ಒಂದು ಪಂಚಾಯತು, ಹೆಸರು ಬೇಡ. ಗ್ರಾಮಸಭೆಗೆ ನಾನೂ ಹೋಗಿದ್ದೆ. ನಿಜ ಹೇಳಬೇಕೆಂದರೆ ಒಂದು ಸಹಿ ಬೇಕಿತ್ತು, ಅದಕ್ಕಾಗಿ. ಕಾರ್ಯದರ್ಶಿಯವರು ಖರ್ಚಿನ ಪಟ್ಟಿಯನ್ನು ವೇಗವಾಗಿ ಓದುತ್ತಿದ್ದರು. ಬೀದಿದೀಪ ದುರಸ್ತಿ ಎಂದು ಒಂದು ಮೊತ್ತ ಬಂತು, ಹೋಯಿತು. ನಾವೆಲ್ಲ ಚಹಾ ಯಾವಾಗ ಬರುತ್ತದೆಂದು ನೋಡುತ್ತಿದ್ದೆವು. ಆಗ ಹಿಂದಿನ ಸಾಲಿನಿಂದ ಮೀನು ಮಾರುವ ಒಬ್ಬ ಹೆಂಗಸು ಎದ್ದು ನಿಂತು ಕೇಳಿದಳು: “ಹ್ವಾಯ್, ಆ ದೀಪ ಯಾವ ಕಂಬದಗೆ ಇತ್ತ್ ಮಾರಾಯ್ರೆ? ನಾನ್ ದಿನಾ ಕತ್ಲಿಗೆ ಅದೇ ದಾರ್ಯಗೆ ಹೋಪ್ದ್.”

ಸಭೆಯಲ್ಲಿ ನಗು ಎದ್ದಿತು. ಆದರೆ ಉತ್ತರ ಇರಲಿಲ್ಲ. ಬೆಳಗಿನ ಜಾವ ಬುಟ್ಟಿ ಹೊತ್ತು ಬಸ್ಸಿಗೆ ಹೋಗುವವಳಿಗೆ ಯಾವ ಕಂಬ ಕತ್ತಲು ಎಂದು ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ‘ನೋಡೋಣ’ ಎಂದರು. ಆಕೆ ಕುಳಿತುಕೊಳ್ಳಲಿಲ್ಲ. ‘ಬರ್ಕೊಳ್ಳಿ’ ಎಂದಳು. ನಡಾವಳಿ ಪುಸ್ತಕದಲ್ಲಿ ಬರೆದರು. ವಾರದೊಳಗೆ ದೀಪ ಉರಿಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಗ್ರಾಮಸಭೆಗೆ ಆಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಸಭೆಗೆ ಬಂದರೆ ಆ ದಿನದ ವ್ಯಾಪಾರ ಹೋಗುತ್ತದೆ ಎಂದಳು. ಅದಕ್ಕಿಂತ ಹೆಚ್ಚಾಗಿ, ‘ನಿಂಗೆಂತಕೆ ಊರ ಉಸಾಬರಿ’ ಎಂದು ನಾಲ್ಕು ಜನ ಅಂದದ್ದು ಅವಳ ಮನಸ್ಸಿಗೆ ನಾಟಿತ್ತು. ಅಂದವರು ಪಂಚಾಯತಿನವರಲ್ಲ, ನೆರೆಕರೆಯವರೇ. ಅವಳು ಪ್ರಶ್ನೆ ಕೇಳಿದ ದಿನ ನಾನು ಪಕ್ಕದ ಸಾಲಿನಲ್ಲಿ ಬಾಯಿ ಮುಚ್ಚಿ ಕುಳಿತಿದ್ದೆ. ನಾನು ಸಂಬಳದ ಮನುಷ್ಯ, ರಜೆ ಹಾಕಿದರೂ ನನ್ನ ಅನ್ನಕ್ಕೆ ತೊಂದರೆಯಿರಲಿಲ್ಲ. ಪ್ರಶ್ನೆ ಕೇಳುವುದಕ್ಕೆ ಬಡವರು ತೆರುವ ಬೆಲೆ ದೊಡ್ಡದು, ನಮ್ಮಂಥವರು ತೆರುವ ಬೆಲೆ ಸಣ್ಣದು. ಆದರೂ ಅವರು ಕೇಳುತ್ತಾರೆ, ನಾವು ಸುಮ್ಮನಿರುತ್ತೇವೆ. ಈ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಸುಮ್ಮನಿದ್ದರೆ ಏನಾಗುತ್ತದೆ? ಹೆಚ್ಚು ದೂರ ಹೋಗಬೇಕಾಗಿಲ್ಲ, ವಾರಾಹಿ ಸಾಕು. ವಾರಾಹಿ ನೀರಾವರಿ ಯೋಜನೆಗೆ 1979ರಲ್ಲಿ ಹಾಕಿದ ಅಂದಾಜು 9.43 ಕೋಟಿ ರೂಪಾಯಿ. ಕುಂದಾಪುರ, ಉಡುಪಿ ತಾಲೂಕುಗಳ ಸುಮಾರು 15,700 ಹೆಕ್ಟೇರ್ ಗದ್ದೆ-ತೋಟಕ್ಕೆ ನೀರು ಎಂದರು. ಕಾಲುವೆಯಲ್ಲಿ ಮೊದಲು ನೀರು ಹರಿದದ್ದು 2015ರಲ್ಲಿ, ಅದೂ ಯೋಜನೆಯ ಒಂದು ಪಾಲಿಗೆ ಮಾತ್ರ. ಅಷ್ಟರಲ್ಲಿ ವೆಚ್ಚ ನೂರಾರು ಕೋಟಿಗೆ ಏರಿತ್ತು. ವಾರಾಹಿ ನೀರು ಬರುತ್ತದೆ, ಕಬ್ಬು ಬೆಳೆಯಬಹುದು ಎಂಬ ನಂಬಿಕೆಯಲ್ಲಿ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ನಮ್ಮ ರೈತರು ಅದಕ್ಕೆ ಪಾಲು ಹಣ ಹಾಕಿದರು. ನೀರು ಬರುವ ಮೊದಲೇ ಕಾರ್ಖಾನೆ ಬಾಗಿಲು ಹಾಕಿತು. ಕೊಡಿ ಹಬ್ಬದಲ್ಲಿ ಕಬ್ಬನ್ನು ಶುಭವೆಂದು ಮನೆಗೊಯ್ಯುವ ಸೀಮೆಯಲ್ಲಿ ಕಬ್ಬನ್ನು ನಂಬಿದವರ ಗತಿ ಹೀಗಾಯಿತು.

ಯಾರೂ ಕೇಳಲಿಲ್ಲವೆಂದು ನಾನು ಹೇಳುವುದಿಲ್ಲ. ರೈತರು ಕೇಳಿದರು, ಸಭೆ ಸೇರಿದರು, ಪಾದಯಾತ್ರೆ ಮಾಡಿದರು. ಆದರೆ ಚುನಾವಣೆ ಬಂದಾಗ ಕೇಳಿ, ಅದು ಮುಗಿದ ಮೇಲೆ ಮರೆತವರೇ ಹೆಚ್ಚು. ಮೂವತ್ತಾರು ವರ್ಷವೆಂದರೆ ಒಂದು ತಲೆಮಾರಿಗಿಂತ ಹೆಚ್ಚು. ನೀರಿಗಾಗಿ ಕಾಯುತ್ತಾ ಗದ್ದೆ ಹಡಿಲು ಬಿಟ್ಟು ಮುಂಬಯಿಗೆ, ಬೆಂಗಳೂರಿಗೆ ಹೋಟೆಲು ಕೆಲಸಕ್ಕೆ ಹೋದವರ ಮಕ್ಕಳು ಇನ್ನು ಉಳಲು ಬರುವರೇ? ತಡವಾಗಿ ಬಂದ ನೀರು ಕಾಲುವೆ ತುಂಬೀತು, ಹೋದ ಮನುಷ್ಯರನ್ನು ತಿರುಗಿ ತರಲಾರದು.

ಕೇಳಿ ಕೆಲಸ ಮಾಡಿಸಿಕೊಂಡ ಉದಾಹರಣೆಯೂ ಇಲ್ಲೇ ಹತ್ತಿರದಲ್ಲಿದೆ. ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ. ಅದಕ್ಕೆ ಮೊದಲೇ ಬಸರೂರಿನಂಥ ಸಣ್ಣ ಊರಿನಲ್ಲಿ ಡಾ. ರವೀಂದ್ರನಾಥ ಶಾನುಭಾಗರು ಬಳಕೆದಾರರ ವೇದಿಕೆಯನ್ನು ಕಟ್ಟಿದ್ದರು. ಸೇವೆಯಲ್ಲಿ ಮೋಸಹೋದ ಸಾಮಾನ್ಯ ಮನುಷ್ಯನಿಗೆ ಪತ್ರ ಬರೆಯುವುದನ್ನು, ರಶೀದಿ ಕೇಳಿ ಇಟ್ಟುಕೊಳ್ಳುವುದನ್ನು, ಉತ್ತರ ಬರುವವರೆಗೆ ಬಿಡದಿರುವುದನ್ನು ಕಲಿಸಿದ್ದೇ ಅವರ ದೊಡ್ಡ ಕೆಲಸ. ಕೋಟದ ಶಿವರಾಮ ಕಾರಂತರನ್ನು ನೆನೆಯಿರಿ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. 1989ರಲ್ಲಿ, 87ನೇ ವಯಸ್ಸಿನಲ್ಲಿ, ಕೈಗಾ ಅಣು ಸ್ಥಾವರದ ಪ್ರಶ್ನೆಯನ್ನು ಜನರ ಮುಂದಿಡಲು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಆದರೆ ಪ್ರಶ್ನೆ ಸೋಲಲಿಲ್ಲ. 1994ರಲ್ಲಿ ಕಟ್ಟುತ್ತಿದ್ದ ಹಂತದಲ್ಲೇ ಅಲ್ಲಿನ ಗುಮ್ಮಟದ ಭಾಗ ಕುಸಿದಾಗ ಕಾರಂತರ ಮಾತು ಅನೇಕರಿಗೆ ನೆನಪಾಯಿತು.

ಅದೇ 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಒಂದು ಜನಸುನಾವಣೆ ನಡೆಸಿದರು. ಪಂಚಾಯತಿನ ಕಾಮಗಾರಿಗಳ ದಾಖಲೆಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಅಷ್ಟೇ ಮಾಡಿದ್ದು. ಕಾಗದದಲ್ಲಿರುವ ಕೂಲಿಕಾರರು ಯಾರು, ನಿಜವಾಗಿ ದುಡಿದವರು ಯಾರು ಎಂದು ಕೇಳುತ್ತಿದ್ದ ಜನರೇ ಹೇಳಿದರು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬುದು ಅವರ ಘೋಷಣೆಯ ಅರ್ಥ. ಆ ಕೂಲಿಕಾರರ ಹೋರಾಟ ಬೆಳೆದು ಕೊನೆಗೆ 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿಯಾಯಿತು. ಕರ್ನಾಟಕ ಅದಕ್ಕೆ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯಿದೆ ಮಾಡಿತ್ತೆಂಬುದೂ ಉಲ್ಲೇಖನೀಯ.

ಇನ್ನು ಕೆಲವು ವ್ಯಾವಹಾರಿಕ ಮಾತು. ನಮ್ಮಲ್ಲಿ ಅನೇಕರ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತದೆ. ಹೆದ್ದಾರಿಯ ಬದಿಯಲ್ಲಿ ನೀರು ನಿಂತರೆ ಪಂಚಾಯತಿನ ಸದಸ್ಯನನ್ನು ಹಿಡಿದು ಬೈಯುತ್ತೇವೆ. ನಮ್ಮೂರ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ, ಹಿಂದಿನ 17, ಈಗಿನ 66, ಕೇಂದ್ರದ ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿದ್ದು. ಒಳನಾಡಿಗೆ ಹೋಗುವ ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಕೇರಿಯೊಳಗಿನ ದಾರಿ, ಅದರ ಚರಂಡಿ, ದೀಪ, ನಳ್ಳಿ ನೀರು ಪಂಚಾಯತಿನ ಹೊಣೆ. ಕಂಬದಲ್ಲಿ ಕರೆಂಟಿಲ್ಲದಿದ್ದರೆ ಮೆಸ್ಕಾಂ, ಕಂಬದ ದೀಪ ಸುಟ್ಟರೆ ಪಂಚಾಯತು. ವೃದ್ಧಾಪ್ಯ ವೇತನ ನಿಂತರೆ ತಾಲೂಕು ಕಚೇರಿ. ಯಾವ ಗುಂಡಿ ಯಾರದೆಂದು ತಿಳಿದು ಕೇಳಿದರೆ ಅರ್ಧ ಕೆಲಸ ಆದಂತೆ. ಬೇರೆಯವರ ಮೇಲೆ ಹಾಕಿ ಜಾರಿಕೊಳ್ಳಲು ಆಗ ಅವಕಾಶವಿರುವುದಿಲ್ಲ.

ಎರಡನೆಯದು, ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿರಿ. ಹತ್ತು ರೂಪಾಯಿ ಶುಲ್ಕ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಜಾತಿ, ಆದಾಯದ ಪ್ರಮಾಣಪತ್ರದಂಥ ಸೇವೆಗಳಿಗೆ ‘ಸಕಾಲ’ದ ಕಾಯಿದೆ 2011ರಲ್ಲಿ ಬಂದು, ಇಂತಿಷ್ಟು ದಿನದಲ್ಲಿ ಕೊಡಬೇಕೆಂದು ಗಡುವು ಹಾಕಿದೆ. ಆದರೆ ಈ ಕಾಯಿದೆಗಳನ್ನು ನೆರೆಯವನ ಮೇಲಿನ ಹಗೆ ತೀರಿಸಲು, ಗುಮಾಸ್ತನನ್ನು ಹೆದರಿಸಲು ಬಳಸಬೇಡಿ. ಅಂಥವರೂ ಇದ್ದಾರೆ. ಅವರಿಂದಾಗಿ ನ್ಯಾಯವಾಗಿ ಕೇಳುವವನ ಮಾತಿಗೂ ಬೆಲೆ ಇಲ್ಲದಂತಾಗುತ್ತದೆ.

ಮೂರನೆಯದು ಸ್ವಲ್ಪ ಕಹಿ. ಲೆಕ್ಕ ಕೇಳುವವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕು. ಮಳೆಗಾಲದಲ್ಲಿ ನೀರು ಅಂಗಳಕ್ಕೆ ನುಗ್ಗಿತೆಂದು ಕೂಗುತ್ತೇವೆ. ತೋಡಿನ ಅರ್ಧವನ್ನು ಒಳಗೆ ಹಾಕಿಕೊಂಡು ಆವರಣ ಗೋಡೆ ಕಟ್ಟಿದವರು ಯಾರು? ಮದುವೆಯ ಊಟ ಮುಗಿದ ಮೇಲೆ ಪ್ಲಾಸ್ಟಿಕ್ ಲೋಟಗಳನ್ನು ರಾತ್ರಿ ಕಾಲುಸಂಕದ ಬಳಿ ಸುರಿದವರು ಯಾರು? ಮನೆತೆರಿಗೆ ಮೂರು ವರ್ಷ ಬಾಕಿ ಇಟ್ಟು, ದೀಪ ಉರಿಯುವುದಿಲ್ಲ ಎನ್ನುವವರು ಯಾರು? ಕೋಟಿತೀರ್ಥಕ್ಕೆ ಕೈಮುಗಿಯುತ್ತೇವೆ; ಮನೆ ಪಕ್ಕದ ಹೊಂಡ ನೀರಲ್ಲವೆಂಬಂತೆ ಕಸ ಹಾಕುತ್ತೇವೆ. ಅಧಿಕಾರಿಯ ತಪ್ಪು ನಮ್ಮ ತಪ್ಪಿಗೆ ರಶೀದಿಯಲ್ಲ. ಹಾಗೆಯೇ ನಮ್ಮ ತಪ್ಪನ್ನು ತೋರಿಸಿ ಅಧಿಕಾರಿ ತನ್ನ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಎರಡೂ ಲೆಕ್ಕ ಬೇರೆ ಬೇರೆ, ಎರಡೂ ಸಲ್ಲಬೇಕು.

ಬಂಧುಗಳೇ, ಇಷ್ಟು ಕೇಳಿದ ನಿಮ್ಮಿಂದ ನಾನು ದೊಡ್ಡದೇನನ್ನೂ ಬೇಡುವುದಿಲ್ಲ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ, ಏಕಾದಶಿ-ಸಂಕ್ರಾಂತಿಗಳ ಪಕ್ಕದಲ್ಲೇ, ಗುರುತು ಹಾಕಿಕೊಳ್ಳಿ. ಹೋಗುವಾಗ ಒಬ್ಬರನ್ನು ಕರೆದುಕೊಂಡು ಹೋಗಿ. ದಿನದ ದುಡಿಮೆ ಬಿಟ್ಟು ಬರಲಾಗದವರ ಪ್ರಶ್ನೆಯೊಂದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದು ‘ದೀಪ ಎಲ್ಲಿ’ ಎಂದು ಕೇಳಿದರೆ ನಗಬೇಡಿ. ಪಕ್ಕದಲ್ಲಿ ಎದ್ದು ನಿಂತು, ‘ಹೌದು, ಅದನ್ನು ಬರೆದುಕೊಳ್ಳಿ’ ಎನ್ನಿ. ಚಕ್ರದ ಹತ್ತಿರ ಬಗ್ಗಿದವರು ಒಬ್ಬರೇ ಆಗಬಾರದು, ಅಷ್ಟೇ ನನ್ನ ಕೋರಿಕೆ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ಮೀನು ಮಾರುವ ತಾಯಿಗೆ ನಾನು ಒಂದು ಪ್ರಶ್ನೆಯ ಸಾಲ ಉಳಿಸಿಕೊಂಡಿದ್ದೇನೆ. ಅದನ್ನು ಮುಂದಿನ ಸಭೆಯಲ್ಲಿ ತೀರಿಸಬೇಕೆಂದಿದ್ದೇನೆ.